ಮೂಗಣ್ಣನ ಹೆಂಡತಿಯ ಮೂಗು

ಆ ಸುಗಂಧದ ಅಂಗಡಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಯಜಮಾನಿಯಿಂದ ಹಿಡಿದು ಬಾಟಲಿಗೆ ಚೀಟಿ ಅಂಟಿಸುವವಳ ತನಕ ಎಲ್ಲರ ಬಾಯಲ್ಲೂ ಅವನು ಮೂಗಣ್ಣ. ಹೊಸದಾಗಿ ಕೆಲಸಕ್ಕೆ ಸೇರಿದವರು, ಪಾಪ, ಈ ಮನುಷ್ಯನಿಗೆ ಮಾತು ಬರುವುದಿಲ್ಲವೇನೋ ಎಂದುಕೊಂಡು ಕೈಸನ್ನೆಯಲ್ಲೇ ಮಾತಾಡಿಸಲು ಹೋಗುತ್ತಿದ್ದರು. ಐದು ನಿಮಿಷ ಕಳೆಯುವುದರೊಳಗೆ ಗೊತ್ತಾಗುತ್ತಿತ್ತು: ಹೆಸರು ಬಂದದ್ದು ಮೂಗಿನಿಂದ, ಬಾಯಿಗಂತೂ ಬೀಗವೇ ಇಲ್ಲ.

ಇಪ್ಪತ್ತೊಂಬತ್ತು ವರ್ಷಗಳಿಂದ ಅಂಗಡಿಯ ಹಿಂದಿನ ಕೋಣೆಯೇ ಅವನ ಸಾಮ್ರಾಜ್ಯ. ಉದ್ದನೆಯ ಒಂದು ಮೇಜು, ಗೋಡೆಯುದ್ದಕ್ಕೂ ಕಂದು ಬಾಟಲಿಗಳು, ಒಂದು ಸಣ್ಣ ತಕ್ಕಡಿ, ಹನಿ ಹಾಕುವ ಗಾಜಿನ ಕೊಳವೆಗಳು, ಮೂಸಿ ನೋಡುವುದಕ್ಕೆ ಕತ್ತರಿಸಿಟ್ಟ ಬಿಳಿ ಕಾಗದದ ಪಟ್ಟಿಗಳು. ಆ ಕೋಣೆಯಲ್ಲಿ ಕೂತು ಅವನು ಎಣ್ಣೆಗೆ ಎಣ್ಣೆ ಬೆರೆಸುತ್ತಿದ್ದ, ಹನಿಗೆ ಹನಿ ಸೇರಿಸುತ್ತಿದ್ದ, ಕೊನೆಗೆ ಸ್ಪಿರಿಟ್ಟಿನಲ್ಲಿ ಕರಗಿಸುತ್ತಿದ್ದ. ಬಾಗಿಲು ತೆರೆದವರು ಬಾಯಿ ಬಿಡುವ ಮೊದಲೇ, "ಏನಮ್ಮಾ, ಬಟ್ಟೆ ಮನೆಯೊಳಗೇ ಒಣಗಿಸಿದ್ದೀಯ, ಮುಗ್ಗಲು ವಾಸನೆ" ಎನ್ನುತ್ತಿದ್ದ. ಬಸ್ಸಿನಲ್ಲಿ ಪಕ್ಕದವರ ಚಪ್ಪಲಿಯ ಚರ್ಮ ಹಸಿಯೋ ಹಳೆಯದೋ ಹೇಳುತ್ತಿದ್ದ. ಕೆಲವರು ಮೆಚ್ಚಿದರು, ಹಲವರು ಮೂಗು ಮುರಿದರು. ಅವನು ಯಾರನ್ನೂ ಲೆಕ್ಕಕ್ಕಿಡಲಿಲ್ಲ. ಲೋಕವನ್ನೆಲ್ಲ ತನ್ನ ಮೂಗಿನ ನೇರಕ್ಕೇ ನೋಡಿ ಅಭ್ಯಾಸವಾಗಿಹೋಗಿತ್ತು.

ಆದರೆ ಹೆಂಡತಿಯ ವಿಷಯಕ್ಕೆ ಬಂದರೆ ಮಾತ್ರ ತಲೆ ತಗ್ಗಿಸುತ್ತಿದ್ದ. "ನನ್ನದು ಏನಿದ್ದರೂ ಕೂಲಿ ಮೂಗು ಕಣ್ರಪ್ಪಾ. ತೀರ್ಪು ಕೊಡೋ ಮೂಗು ಮನೇಲಿದೆ" ಎಂದು ಕೆಲಸದವರಿಗೆಲ್ಲ ಹೇಳಿ ಹೇಳಿ ಅವರಿಗೆ ಅದು ಬಾಯಿಪಾಠವಾಗಿತ್ತು.

ಮನೆಯಲ್ಲಿದ್ದ ಆ ಮೂಗಿನ ಒಡತಿ ದರ್ಜಿ. ಮುಂಕೋಣೆಯ ಕಿಟಕಿಗೆ ಒತ್ತಿಕೊಂಡ ಹೊಲಿಗೆ ಯಂತ್ರ, ಕೊರಳಲ್ಲಿ ಸದಾ ಜೋಲುವ ಅಳತೆ ಪಟ್ಟಿ, ತುಟಿಗಳ ನಡುವೆ ಎರಡು ಗುಂಡುಪಿನ್ನು. ಮಾತು ಕಡಿಮೆ. ವರ್ಷಕ್ಕೊಮ್ಮೆ ಅಂಗಡಿಯ ಹಬ್ಬವಾದ ಸುಗಂಧ ದಿನ ಹತ್ತಿರ ಬಂದಾಗ ಮೂಗಣ್ಣ ಅವಳಿಗಾಗಿ ಮಾತ್ರ ಒಂದು ಸಣ್ಣ ಬಾಟಲಿಯಷ್ಟು ಹೊಸ ಪರಿಮಳ ಕಟ್ಟಿ ತರುತ್ತಿದ್ದ. ಅದು ಅಂಗಡಿಯ ಕಪಾಟಿಗೆ ಹೋಗುತ್ತಿರಲಿಲ್ಲ. ಅವಳು ತಕ್ಷಣ ಏನೂ ಹೇಳುತ್ತಿರಲಿಲ್ಲ. "ನಾಳೆ ಹೇಳ್ತೀನಿ, ಇವತ್ತು ಮನಸ್ಸಿಗೆ ಇಳೀಲಿ" ಎನ್ನುತ್ತಿದ್ದಳು. ಮಾರನೆಯ ಸಂಜೆ ಹೇಳುವ ಒಂದೆರಡು ಮಾತಿಗೆ ಅವನು ಇಡೀ ದಿನ ಚಡಪಡಿಸುತ್ತಿದ್ದ. ಒಂದು ವರ್ಷ ಅವಳು, "ಹೊಸ ಸ್ಲೇಟನ್ನ ಒದ್ದೆ ಬಟ್ಟೇಲಿ ಒರೆಸಿ, ಅದು ಆರೋಕೆ ಮುಂಚೆ ಕೆನ್ನೆಗೆ ಒತ್ತಿಕೊಂಡ ಹಾಗಿದೆ" ಎಂದಿದ್ದಳು. ಮೂಗಣ್ಣ ಹುಚ್ಚೆದ್ದು ಹೋದ. ಆ ಮಾತನ್ನೇ ಹಿಡಿದು ಎಂಟು ತಿಂಗಳು ತಿದ್ದಿ ತೀಡಿ ಒಂದು ಪರಿಮಳ ಮಾಡಿದ. ಅಂಗಡಿಯಲ್ಲಿ ಅದಕ್ಕೆ 'ಒದ್ದೆ ಸ್ಲೇಟು' ಎಂದೇ ಹೆಸರಾಯಿತು. ಹದಿನೆಂಟು ವರ್ಷವಾದರೂ ಜನ ಅದನ್ನು ಕೇಳಿಕೊಂಡು ಬರುತ್ತಿದ್ದರು.

ಸುಗಂಧ ದಿನವೆಂದರೆ ಅಂಗಡಿಯಲ್ಲಿ ಬೆಳಗಿನಿಂದ ಜಾತ್ರೆಯಂಥ ಗದ್ದಲ. ಆ ಒಂದು ದಿನ ಹಿಂದಿನ ಕೋಣೆಯ ಬಾಗಿಲು ಎಲ್ಲರಿಗೂ ತೆರೆದಿರುತ್ತಿತ್ತು. ಗಿರಾಕಿಗಳು ಮಕ್ಕಳು ಮರಿಗಳ ಸಮೇತ ಬಂದು ಕಾಗದದ ಪಟ್ಟಿ ಹಿಡಿದು ಮೂಸುತ್ತಾ, ಕಣ್ಣು ಮುಚ್ಚಿ "ಆಹಾ" ಎನ್ನುತ್ತಾ, ಕೊನೆಗೆ ಯಾವುದು ಯಾವುದೆಂದು ತಿಳಿಯದೆ ತಲೆ ಗಿರ್ರೆನ್ನಿಸಿಕೊಂಡು ಹೊರಗೆ ಹೋಗಿ ಗಾಳಿ ಕುಡಿದು ಬರುತ್ತಿದ್ದರು.

ಆ ವರ್ಷ ಯಜಮಾನಿಯ ಸೊಸೆ ಹೊಸದೊಂದು ಆಟ ಹೂಡಿದಳು. ಕೆಲಸದವರ ಮನೆಯವರನ್ನು ಒಬ್ಬೊಬ್ಬರಾಗಿ ವೇದಿಕೆಗೆ ಕರೆದು, ಕಣ್ಣಿಗೆ ಬಟ್ಟೆ ಕಟ್ಟಿ, ಮೂರು ಬಟ್ಟಲು ಮುಂದಿಡುವುದು. ಒಂದರಲ್ಲಿ ಅವರ ಮನೆಯವರೇ ಮಾಡಿದ ಪರಿಮಳದಲ್ಲಿ ಅದ್ದಿದ ಹತ್ತಿ, ಒಂದರಲ್ಲಿ ಬರೀ ನೀರಿನ ಹತ್ತಿ, ಇನ್ನೊಂದರಲ್ಲಿ ಎರಡು ದಿನ ಮುಚ್ಚಿಟ್ಟಿದ್ದ ಕೋಸು ಬೇಯಿಸಿದ ನೀರಿನ ಹತ್ತಿ. ತಮ್ಮವರದು ಯಾವುದು ಎಂದು ಹೇಳಬೇಕು, ಅಷ್ಟೇ. ಯಾರೂ ತಪ್ಪುವ ಪ್ರಶ್ನೆಯೇ ಇರಲಿಲ್ಲ. ಕೋಸಿನ ಬಟ್ಟಲು ಮೂಗಿನ ಹತ್ತಿರ ಬಂದಾಗ ಅವರು ಹಾರಿಬೀಳುವುದನ್ನು ನೋಡಿ ನಗುವುದೇ ಆಟದ ಮಜಾ.

ಮೂಗಣ್ಣನ ಹೆಂಡತಿ ಕೊನೆಯ ಸಾಲಿನಲ್ಲಿ ಮಗಳ ಪಕ್ಕ ಕೂತಿದ್ದಳು. ಮಗಳು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಅಪ್ಪನ ಹಬ್ಬವೆಂದು ರಜೆ ಹಾಕಿ ಬಂದಿದ್ದಳು. ಯಜಮಾನಿಯ ಸೊಸೆ ಅಮ್ಮನನ್ನು ವೇದಿಕೆಗೆ ಕರೆದದ್ದೇ ತಡ, ಮಗಳು ಧಡಕ್ಕನೆ ಎದ್ದು ನಿಂತಳು.

"ಅಮ್ಮನಿಗೆ ನೆಗಡಿ. ಮೂಗು ಕಟ್ಟಿದೆ. ಬಿಟ್ಟುಬಿಡಿ."

"ಎಲ್ಲಿಯ ನೆಗಡಿ!" ಎಂದು ಮೂಗಣ್ಣ ವೇದಿಕೆಯ ಮೇಲಿನಿಂದಲೇ ಕೂಗಿದ. "ಬೆಳಿಗ್ಗೆ ಚೆನ್ನಾಗೇ ಇದ್ದಳು. ಬಾರೇ, ನಾಚಿಕೆ ಯಾಕೆ? ಇವಳಿಗೆ ಇದೆಲ್ಲ ನೀರು ಕುಡಿದಷ್ಟು ಸುಲಭ, ನೋಡ್ತಾ ಇರಿ."

ಅವಳು ಬಂದಳು. ಬಟ್ಟೆ ಕಟ್ಟುವ ಮೊದಲು ಒಂದು ಗಳಿಗೆ ಗಂಡನ ಮುಖ ನೋಡಿದಳು. ಅದನ್ನು ಅವನು ಆಮೇಲೆ ಎಷ್ಟೋ ಸಲ ನೆನಪಿಸಿಕೊಂಡ. ಆಗ ಮಾತ್ರ ಅವನು ಅದನ್ನು ಲೆಕ್ಕಿಸದೆ ಜನರ ಕಡೆ ತಿರುಗಿ ಕಣ್ಣು ಮಿಟುಕಿಸಿದ್ದ.

ಮೊದಲನೆಯ ಬಟ್ಟಲನ್ನು ಅವಳು ನಿಧಾನವಾಗಿ ಮೂಸಿದಳು. ಪಕ್ಕಕ್ಕಿಟ್ಟಳು. ಅದು ಅವನ ಪರಿಮಳ. ಆ ವರ್ಷ ಮೂರು ತಿಂಗಳು ಕೂತು ಎಣ್ಣೆಯಲ್ಲಿ ಕಟ್ಟಿದ್ದು. ಸಸ್ಪೆನ್ಸ್ ಇರಲಿ ಅಂತ ಆಟ ಆಡಿಸುತ್ತಿದ್ದಾಳೆ ಎಂದುಕೊಂಡ ಮೂಗಣ್ಣ, ನಕ್ಕ. ಎರಡನೆಯದು ನೀರು, ಅದನ್ನೂ ಇಟ್ಟಳು. ಮೂರನೆಯ ಬಟ್ಟಲು ಕೈಗೆ ಬಂತು. ಮುಂದಿನ ಸಾಲಿನವರು ಆಗಲೇ ಕರವಸ್ತ್ರ ಮೂಗಿಗೆ ಹಿಡಿದಿದ್ದರು. ಅವಳು ಅದನ್ನು ಮೂಗಿನ ಬುಡಕ್ಕೇ ತಂದು, ಎದೆ ತುಂಬ ಉಸಿರೆಳೆದುಕೊಂಡು, ಮುಗುಳ್ನಕ್ಕಳು.

"ಇದೇ" ಎಂದಳು. "ಮೊದಲು ನಿಂಬೆ ಸಿಪ್ಪೆ ಹಿಚುಕಿದ ಹಾಗೆ. ಆಮೇಲೆ ಹೊಸ ಪೆನ್ಸಿಲ್ ಕೆತ್ತಿದ ಹಾಗೆ. ಕೊನೇಲಿ, ಬಿಸಿಲಲ್ಲಿ ಒಣಗಿದ ಹೊದಿಕೆ."

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಮೂಗಣ್ಣಾ, ಅಮ್ಮಾವ್ರು ಸರಿಯಾಗೇ ಮರ್ಯಾದೆ ಮಾಡಿದರು!" ಎಂದು ಯಾರೋ ಕೂಗಿದರು. ಯಜಮಾನಿಯೂ ಕಣ್ಣೊರೆಸಿಕೊಂಡು ನಕ್ಕಳು. ಮೂಗಣ್ಣನ ಹೆಂಡತಿ ಮಾತ್ರ ನಗಲಿಲ್ಲ. ಕಟ್ಟಿದ ಬಟ್ಟೆಯ ಕೆಳಗೆ ಆ ಮುಗುಳ್ನಗೆ ಹಾಗೇ ನಿಂತು, ಆಮೇಲೆ ಮೆಲ್ಲಗೆ ಇಳಿಯಿತು. ನಗು ಯಾಕೆ ಬಂತೆಂದು ಅವಳಿಗೆ ತಿಳಿಯಲಿಲ್ಲ ಎನ್ನುವುದು ಅಲ್ಲಿ ಇಬ್ಬರಿಗೆ ಮಾತ್ರ ಕಂಡಿತು. ಒಬ್ಬಳು ಕೊನೆಯ ಸಾಲಿನಲ್ಲಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ ಮಗಳು. ಇನ್ನೊಬ್ಬ ಮೂಗಣ್ಣ.

ಆ ಗಬ್ಬು ನಾತ ಕೋಣೆಯ ಆ ತುದಿಗೂ ಹೊಡೆಯುತ್ತಿತ್ತು. ಅದನ್ನು ಎದೆಯೊಳಕ್ಕೆ ಎಳೆದುಕೊಂಡು ಯಾರೂ ನಗಲಾರರು, ನಟನೆಗೂ ನಗಲಾರರು. ಮೂಗಿದ್ದವರ ಮುಖ ತಾನಾಗಿಯೇ ಕಿವುಚಿಕೊಳ್ಳುತ್ತದೆ. ಇದು ಅವನ ಕಸುಬಿನ ಮಾತು, ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅವನ ತಲೆ ಅದನ್ನು ಒಳಕ್ಕೆ ಬಿಟ್ಟುಕೊಳ್ಳಲಿಲ್ಲ.

ಮೂವರೂ ಮನೆಗೆ ಬಂದರು. ಒಳಗೆ ಬಂದು ಬಾಗಿಲು ಹಾಕಿದ ಮೇಲೆ ಮೂಗಣ್ಣ ಚಪ್ಪಲಿಯನ್ನೂ ಬಿಡದೆ ಕೇಳಿದ.

"ಯಾವಾಗಿಂದ?"

ಅವಳು ಹೊಲಿಗೆ ಯಂತ್ರದ ಮುಂದಿನ ಕುರ್ಚಿಯಲ್ಲಿ ಕೂತಳು. "ಯಾವಾಗಿಂದ ಅಂದರೆ... ಯಾವತ್ತೂ ಇರಲಿಲ್ಲ. ಹುಟ್ಟಿದಾಗಿಂದ."

"ಸುಳ್ಳು. ಪ್ರತಿ ವರ್ಷ ನೀನು..." ಅವನು ಬೆರಳು ಮಡಿಸಿ ಎಣಿಸಿದ. "ನಿಂಬೆ, ಪೆನ್ಸಿಲ್, ಹೊದಿಕೆ. ಎಲ್ಲಾ ಸರಿಯಾಗೇ ಇತ್ತಲ್ಲ! ನಾನು ಹಾಕಿದ್ದು ಅದೇ. ಮೂಗಿಲ್ಲದೆ ಹೇಗೆ ಹೇಳಿದೆ?"

ಅವಳು ಮಗಳ ಕಡೆ ನೋಡಿದಳು. ಮಗಳು ಗೋಡೆಗೆ ಒರಗಿ ನಿಂತಿದ್ದಳು.

"ನೀನು ನಿನ್ನೆ ಬಾಟಲಿ ತಂದು ಮೇಜಿನ ಮೇಲೆ ಇಟ್ಟಿದ್ದೆಯಲ್ಲ ಅಪ್ಪ, ನಾನು ಮೂಸಿ ಅವಳಿಗೆ ಹೇಳಿಕೊಟ್ಟೆ. ನಾನು ಚಿಕ್ಕವಳಿದ್ದಾಗಿಂದ ಪ್ರತಿ ವರ್ಷ ಹಾಗೇ, ಅದಕ್ಕೆ ಮುಂಚೆ ಬರೀ ಚೆನ್ನಾಗಿದೆ ಅಂತಿದ್ದಳಂತೆ. ನಾಳೆ ಹೇಳ್ತೀನಿ ಅಂತ ಅವಳು ಅನ್ನುತ್ತಿದ್ದದ್ದು ಅದಕ್ಕೇ. ನಾನು ಸ್ಕೂಲಿಂದ ಬರಬೇಕಿತ್ತಲ್ಲ."

"ಸ್ಲೇಟು?"

"ಸ್ಲೇಟು ನಂದು ಅಪ್ಪ. ನನಗೆ ಆಗ ಎಂಟು ವರ್ಷ."

ಮೂಗಣ್ಣ ಈಗ ಚಪ್ಪಲಿ ಬಿಟ್ಟ. ಹದಿನೆಂಟು ವರ್ಷ ಅವನು ಊರೆಲ್ಲ ಸಾರಿದ ಹೆಂಡತಿಯ ಆ ತೀರ್ಪು, ಸ್ಲೇಟಿಗೆ ಕೆನ್ನೆ ಒತ್ತಿ ಆಡುತ್ತಿದ್ದ ಮಗುವಿನದಾಗಿತ್ತು. ಅವನ ಕೋಪ ಎಲ್ಲಿಂದಲೋ ಉಕ್ಕಿ ಬಂತು. ಇಬ್ಬರೂ ಸೇರಿಕೊಂಡು ನನ್ನ ಕಣ್ಣಿಗೆ ಮಣ್ಣೆರಚಿದಿರಿ ಎಂದ, ಬೆನ್ನ ಹಿಂದೆ ನಕ್ಕಿರಬೇಕು ಎಂದ, ಇನ್ನೂ ಏನೇನೋ ಅಂದ. ಹೆಂಡತಿ ತಲೆ ತಗ್ಗಿಸಿ ಕೇಳಿಸಿಕೊಂಡಳು. ಮಗಳು ಕೇಳಿಸಿಕೊಳ್ಳಲಿಲ್ಲ.

"ಅಪ್ಪ, ನನಗೆ ಯಾವಾಗ ಗೊತ್ತಾಯಿತು ಅಂತ ಕೇಳಲ್ವಾ?"

"ಯಾವಾಗ?"

"ಗ್ಯಾಸ್ ಸೋರಿದ ದಿನ."

ಅದನ್ನು ಆ ಮನೆಯಲ್ಲಿ ಯಾರೂ ಮರೆತಿರಲಿಲ್ಲ. ಮಗಳಿಗಾಗ ಆರು ವರ್ಷ. ಒಲೆಯ ಕೊಳವೆ ಎಲ್ಲೋ ಬಿರುಕು ಬಿಟ್ಟು ಅಡಿಗೆಮನೆ ತುಂಬ ಗ್ಯಾಸ್ ತುಂಬಿಕೊಂಡಿತ್ತು. ಹೆಂಡತಿ ಅಲ್ಲೇ ಮೂಲೆಯಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದಳು. ಮಗಳು ಶಾಲೆಯಿಂದ ಬಂದವಳು, "ಅಮ್ಮಾ, ಕೊಳೆತ ಮೊಟ್ಟೆ ನಾತ, ತಲೆ ಸುತ್ತುತ್ತೆ" ಎಂದಳು. ಅಮ್ಮ ಒಂದು ಕ್ಷಣ ಅವಳನ್ನೇ ನೋಡಿ, ಎತ್ತಿಕೊಂಡು ಬೀದಿಗೆ ಓಡಿದ್ದಳು. ಪಕ್ಕದ ಮನೆಯವರು ಬಂದು ಸಿಲಿಂಡರ್ ಮುಚ್ಚಿದರು. ಸುದ್ದಿ ತಿಳಿದು ಓಡಿಬಂದ ಮೂಗಣ್ಣ, ಬೀದಿಯವರೆಲ್ಲ ನಿಂತು ನೋಡುತ್ತಿರುವಾಗ ಹೆಂಡತಿಯ ಮೇಲೆ ಹರಿಹಾಯ್ದಿದ್ದ. ಏನಂದಿದ್ದ ಎಂಬುದು ಈಗ, ಇಪ್ಪತ್ತು ವರ್ಷ ಕಳೆದ ಮೇಲೆ, ಅವನ ಕಿವಿಗೆ ಅವನದೇ ದನಿಯಲ್ಲಿ ಕೇಳಿಸಿತು.

"ಮೂಗಿಲ್ವೇನೇ ನಿನಗೆ?"

ಅವಳು ಆವತ್ತೂ ಹೀಗೆಯೇ ತಲೆ ತಗ್ಗಿಸಿ ನಿಂತಿದ್ದಳು.

"ಆವತ್ತೇ ಹೇಳಬಹುದಿತ್ತಲ್ಲೇ" ಎಂದ ಅವನು. ಕೋಪ ಇಳಿದಿತ್ತು, ಅದರ ಜಾಗಕ್ಕೆ ಬಂದದ್ದು ಅದಕ್ಕಿಂತ ಕೆಟ್ಟದಾಗಿತ್ತು. "ನೀವಿಬ್ಬರೂ ಸತ್ತೇ ಹೋಗ್ತಿದ್ರಿ."

"ಹೇಳೋಣ ಅಂತಲೇ ಇದ್ದೆ" ಎಂದಳು. "ಮದುವೆಗೆ ಮುಂಚೆನೇ ಹೇಳೋಣ ಅಂತಿದ್ದೆ. ನೀವು ಕೋಟಿನ ತೋಳು ಕಿರಿದು ಮಾಡಿಸೋಕೆ ನಮ್ಮ ಅಂಗಡಿಗೆ ಬರುತ್ತಿದ್ದ ಕಾಲ. ಮೂರನೇ ಸಲ ಬಂದಾಗ ನಿಮ್ಮ ಸೋದರತ್ತೆ ವಿಷಯ ಹೇಳಿದ್ರಿ. ಜ್ವರ ಬಂದು ಅವರ ಮೂಗು ಹೋಗಿತ್ತಂತೆ. 'ಮೂಗು ಸತ್ತವರ ಜೊತೆ ಬದುಕೋದೂ ಒಂದೇ, ಗೋಡೆ ಜೊತೆ ಬದುಕೋದೂ ಒಂದೇ. ನನ್ನ ಕೈಲಿ ಒಂದು ದಿನವೂ ಆಗಲ್ಲ' ಅಂದ್ರಿ. ನನ್ನ ಬಾಯಲ್ಲಿ ಪಿನ್ನು ಇತ್ತು. ಬಾಯಿ ಮುಚ್ಚಿಕೊಂಡೆ."

"ನಾನು ಹಾಗಂದೆನಾ?"

"ನಗ್ತಾ ಅಂದ್ರಿ."

ಎಷ್ಟು ತಡಕಾಡಿದರೂ ಅವನಿಗೆ ಆ ಮಾತು ನೆನಪಾಗಲಿಲ್ಲ. ತನ್ನ ಪಾಲಿಗೆ ಅದು ಬಾಯಿಗೆ ಬಂದ ಒಂದು ಮಾತು. ಅವಳ ಪಾಲಿಗೆ ಮೂವತ್ತೊಂದು ವರ್ಷದ ಬೀಗ. ಅದನ್ನು ಜಡಿದವನು ಯಾವ ದಿನ ಜಡಿದೆ ಎಂಬುದನ್ನೇ ಮರೆತಿದ್ದ.

ಮೂಗಣ್ಣ ಮೂರು ದಿನ ಕೆಲಸಕ್ಕೆ ಹೋಗಲಿಲ್ಲ. ಮಾತನ್ನೂ ಆಡಲಿಲ್ಲ, ಹೆಸರು ಕೇಳಿ ಕೈಸನ್ನೆ ಮಾಡುತ್ತಿದ್ದವರು ಈಗ ನೋಡಿದ್ದರೆ ಸರಿಹೋಗುತ್ತಿತ್ತು. ಮುಂಕೋಣೆಯ ಮೂಲೆಯಲ್ಲಿ ಕೂತು ಹೆಂಡತಿಯನ್ನೇ ಗಮನಿಸುತ್ತಿದ್ದ. ಅವಳು ಎಣ್ಣೆಗೆ ಈರುಳ್ಳಿ ಹಾಕಿ ಕಿವಿ ಕೊಟ್ಟು ನಿಲ್ಲುತ್ತಿದ್ದಳು. ಚಿಟಪಟ ಸದ್ದು ಸಣ್ಣಗಾದೊಡನೆ ಉರಿ ತಗ್ಗಿಸುತ್ತಿದ್ದಳು. ಇಸ್ತ್ರಿ ಮಾಡುವಾಗ ಕಣ್ಣನ್ನು ಬಟ್ಟೆಯಿಂದ ಕೀಳುತ್ತಲೇ ಇರಲಿಲ್ಲ. ಹಣ್ಣನ್ನು ಒತ್ತಿ ನೋಡುತ್ತಿದ್ದಳು, ತಟ್ಟಿ ನೋಡುತ್ತಿದ್ದಳು, ಬೆಳಕಿಗೆ ಹಿಡಿದು ನೋಡುತ್ತಿದ್ದಳು, ಮೂಸುತ್ತಿರಲಿಲ್ಲ. ಇದೆಲ್ಲ ಅವನ ಕಣ್ಣ ಮುಂದೆಯೇ ದಿನಾ ನಡೆದಿತ್ತು. ಯಾರ ಮೈಯಲ್ಲಿ ಯಾವ ಸೋಪು ಎಂದು ಬೀದಿಯ ಆಚೆಯಿಂದ ಹೇಳಬಲ್ಲವನಿಗೆ ತನ್ನ ಮನೆಯೊಳಗಿನ ಇಷ್ಟು ದೊಡ್ಡ ವಿಷಯದ ವಾಸನೆ ಹತ್ತಿರಲಿಲ್ಲ.

ಮೂರನೆಯ ದಿನ ಒಂದೇ ಒಂದು ಪ್ರಶ್ನೆ ಕೇಳಿದ. "ನನ್ನ ಬಟ್ಟಲನ್ನ ಯಾಕೆ ಪಕ್ಕಕ್ಕಿಟ್ಟೆ? ಏನೂ ತಿಳಿಯದೆ ಇದ್ದರೆ ಮೂರೂ ಒಂದೇ ತಾನೇ?"

"ನೀವು ಯಾವಾಗಲೂ ಸ್ಪಿರಿಟಲ್ಲಿ ಮಾಡ್ತೀರ ಅಂದ್ಕೊಂಡಿದ್ದೆ. ಸ್ಪಿರಿಟ್ ಇದ್ದರೆ ಮೂಗಲ್ಲಿ ತಣ್ಣಗೆ ಚುಚ್ಚುತ್ತೆ, ಅಷ್ಟು ಗೊತ್ತಾಗತ್ತೆ. ಮೊದಲನೆಯದು ಚುಚ್ಚಲಿಲ್ಲ. ಎರಡನೆಯದೂ ಚುಚ್ಚಲಿಲ್ಲ. ಉಳಿದಿದ್ದು ಒಂದೇ ಅಂತ..." ಎಂದು ಅರ್ಧಕ್ಕೆ ನಿಲ್ಲಿಸಿದಳು.

ಆ ವರ್ಷ ಮೊದಲ ಸಲ ಅವನು ಸ್ಪಿರಿಟ್ ಬಿಟ್ಟು ಎಣ್ಣೆಯಲ್ಲಿ ಕಟ್ಟಿದ್ದ. ಅವಳ ಚರ್ಮಕ್ಕೆ ಸ್ಪಿರಿಟ್ ಉರಿಯುತ್ತದೇನೋ ಎಂಬ ಪ್ರೀತಿಗೆ.

ಮರುವಾರ ಮಗಳು ಮೂಗು, ಗಂಟಲು ನೋಡುವ ವೈದ್ಯೆಯ ಬಳಿ ಹೊತ್ತು ಗೊತ್ತುಮಾಡಿದಳು. ಗಂಡ ಹೆಂಡತಿ ಇಬ್ಬರೇ ಹೋದರು. ವೈದ್ಯೆ ದೀಪ ಹಿಡಿದು ನೋಡಿ, ಚಿತ್ರ ತೆಗೆಸಿ, ವಾಸನೆಯನ್ನು ಮಿದುಳಿಗೆ ಮುಟ್ಟಿಸುವ ಭಾಗವೇ ಇವರಲ್ಲಿ ಬೆಳೆದಿಲ್ಲ, ಔಷಧಿಯಿಂದಾಗಲಿ ಶಸ್ತ್ರಚಿಕಿತ್ಸೆಯಿಂದಾಗಲಿ ಬರುವುದಿಲ್ಲ ಎಂದಳು. ಇಂಥವರು ಇನ್ನೂ ಇದ್ದಾರೆ, ಹೆಚ್ಚಿನವರು ಹೇಳಿಕೊಳ್ಳುವುದೇ ಇಲ್ಲ ಎಂದೂ ಹೇಳಿದಳು. ಮನೆಯಲ್ಲಿ ಗ್ಯಾಸ್ ಸೋರಿದರೆ ಕೂಗುವ ಯಂತ್ರವೊಂದನ್ನು ಕೂಡಲೇ ಹಾಕಿಸಿ ಎಂದಳು. "ನಿಮಗೇನಾದರೂ ಕೇಳೋದಿದೆಯಾ?" ಎಂದಾಗ ಮೂಗಣ್ಣ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿಯೇ ಮಾತಾಡಿದಳು.

"ಒಂದು ಕೇಳಬೇಕಿತ್ತು ಡಾಕ್ಟ್ರೇ. ಇವರು ಸ್ವಲ್ಪ ಹೊರಗೆ ಇದ್ದರೆ..."

ಅವನು ಹೊರಗೆ ಬಂದ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

"ನನ್ನ ಮೈ ನಾರತ್ತಾ, ನೀವೇ ಹೇಳಿ" ಎಂದು ಅವಳು ಕೇಳುತ್ತಿದ್ದಳು. "ಯಾರನ್ನ ಕೇಳಲಿ? ಮಗಳನ್ನ ಕೇಳಿದರೆ ಇಲ್ಲ ಅಂತಾಳೆ, ನನಗೆ ಬೇಜಾರಾಗತ್ತೆ ಅಂತ ಹಾಗೇ ಹೇಳ್ತಾಳೆ. ಅಳತೆ ತಗೊಳ್ಳೋಕೆ ಜನರ ಹತ್ತಿರ ಹೋಗಬೇಕು ನಾನು. ಯಾರಾದರೂ ಮುಖ ಆಚೆ ತಿರುಗಿಸಿದರೆ ಎದೆ ಧಸಕ್ ಅನ್ನತ್ತೆ."

ಮೂಗಣ್ಣ ಹೊರಗಿನ ಬೆಂಚಿಗೆ ಕೈ ಊರಿ ನಿಂತ. ದಿನಕ್ಕೆ ಎರಡು ಸಲ ಸ್ನಾನ, ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುವುದು, ಅವನು ಹತ್ತಿರ ಬಂದರೆ ಸೆರಗು ಸರಿಮಾಡಿಕೊಂಡು ಅರ್ಧ ಹೆಜ್ಜೆ ಹಿಂದೆ ಸರಿಯುವುದು. ಅದನ್ನೆಲ್ಲ ಅವನು ಮಡಿವಂತಿಕೆ ಎಂದು ಗೆಳೆಯರ ಮುಂದೆ ತಮಾಷೆ ಮಾಡಿದ್ದ. ಸುಗಂಧ ದಿನದ ಸಭೆಯಲ್ಲೂ ಅವನಿಗೆ ಇಷ್ಟು ಪೆಟ್ಟು ಬಿದ್ದಿರಲಿಲ್ಲ. ಸಾವಿರ ಗಿರಾಕಿಗಳ ಮೈವಾಸನೆಯನ್ನು ಮುಖಕ್ಕೆ ಹೊಡೆದ ಹಾಗೆ ಹೇಳಿದ ಬಾಯಿ, ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಇವಳದನ್ನು ಇವಳಿಗೆ ಹೇಳಿರಲಿಲ್ಲ.

ಬಸ್ ನಿಲ್ದಾಣದಲ್ಲಿ ಕೂತಾಗ ಅವನು ಕೇಳಿದ, "ಆ ವೈದ್ಯೆ ಏನಂದಳು?"

ಅವಳು ಬೆಚ್ಚಿದಳು. "ಕೇಳಿಸಿತಾ?"

"ಏನಂದಳು ಹೇಳು."

"ಏನೂ ಇಲ್ಲ ಅಂದರು. ಅವರೂ ಹಾಗೇ ಹೇಳ್ತಾರೆ ಅಲ್ವಾ."

ಮೂಗಣ್ಣ ಆಚೀಚೆ ನೋಡಲಿಲ್ಲ. ನಿಲ್ದಾಣದಲ್ಲಿ ಏಳೆಂಟು ಜನ ಇದ್ದರು. ಅವಳ ಭುಜಕ್ಕೆ ಮೂಗು ತಂದು, ಹಿಂದಿನ ಕೋಣೆಯಲ್ಲಿ ಹೊಸ ಬಾಟಲಿ ಬಂದಾಗ ಮಾಡುವಂತೆ, ಮೂರು ಸಲ ಸಣ್ಣಗೆ ಉಸಿರೆಳೆದುಕೊಂಡ. ಅವಳು ಹಿಂದೆ ಸರಿಯಲು ಹೋದಳು; ಅವನು ಬಿಡಲಿಲ್ಲ.

"ಬಿಸಿ ಇಸ್ತ್ರಿ ತಾಗಿದ ಹತ್ತಿ ಬಟ್ಟೆ" ಎಂದ. "ಯಂತ್ರದ ಎಣ್ಣೆ, ಒಂದು ಚೂರು, ಬಲಗೈ ಕಡೆ. ಬೆರಳಲ್ಲಿ ಸೀಮೆಸುಣ್ಣ. ಸೋಪು ಜಾಸ್ತಿ, ಅದು ನನಗೆ ಇಷ್ಟ ಇಲ್ಲ. ಕೂದಲಲ್ಲಿ... ಕೂದಲಿಗೆ ಹೋಲಿಕೆ ಸಿಗ್ತಾ ಇಲ್ಲ ಕಣೇ. ಅದು ಬೇರೆ ಎಲ್ಲೂ ಇಲ್ಲ."

"ಒಳ್ಳೇದಾ, ಕೆಟ್ಟದ್ದಾ?"

"ಬಾಗಿಲು ತೆಗೆದ ತಕ್ಷಣ ಮನೆಗೆ ಬಂದೆ ಅಂತ ನನಗೆ ಗೊತ್ತಾಗೋದೇ ಅದರಿಂದ."

"ಸುಳ್ಳು ಹೇಳಬೇಡಿ."

"ನಮ್ಮಿಬ್ಬರಲ್ಲಿ ಸುಳ್ಳು ಹೇಳಿದ್ದು ನಾನಲ್ಲ ಮಾರಾಯ್ತಿ."

ಅವಳಿಗೆ ನಗು ಬಂತು. ನಗುತ್ತಿದ್ದಂತೆ ಅಳುವೂ ಬಂತು. ಎರಡೂ ಒಟ್ಟಿಗೆ ಬಂದದ್ದರಿಂದ ಪಕ್ಕದಲ್ಲಿ ಕೂತಿದ್ದ ಮುದುಕಿ ಕಂಗಾಲಾಗಿ ನೀರಿನ ಬಾಟಲಿ ಚಾಚಿದಳು. ಬಸ್ಸು ಬಂದು ಹೋಯಿತು. ಇವರು ಹತ್ತಲಿಲ್ಲ.

ಗ್ಯಾಸಿನ ಯಂತ್ರ ಅದೇ ವಾರ ಗೋಡೆಗೆ ಬಂತು. ಮೂಗಣ್ಣ ಮತ್ತೆ ಕೆಲಸಕ್ಕೆ ಹೋದ. ಕೋಸಿನ ಪ್ರಸಂಗ ನೆನಪಿಸಿ ನಕ್ಕವರಿಗೆ, ನನ್ನ ಹೆಂಡತಿಗೆ ವಾಸನೆ ತಿಳಿಯುವುದಿಲ್ಲ, ಹುಟ್ಟಿನಿಂದ ಹಾಗೆ, ಎಂದು ನೇರವಾಗಿ ಹೇಳಿದ. ಹೇಳುವ ಮೊದಲು ಅವಳನ್ನು ಕೇಳಿದ್ದ. ಒಂದಿಬ್ಬರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಚೀಟಿ ಅಂಟಿಸುವವಳು ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟು, ತನ್ನ ಅಣ್ಣನಿಗೂ ಹಾಗೇ ಎಂದಳು. 'ಒದ್ದೆ ಸ್ಲೇಟಿ'ನ ಕಥೆಯನ್ನು ಅವನು ಈಗ ಮಗಳ ಹೆಸರಲ್ಲೇ ಹೇಳುತ್ತಾನೆ. ಅವಳು ಮಾತ್ರ ಅಪ್ಪನ ಮುಂದೆ ಇನ್ನೂ ಸ್ವಲ್ಪ ಹುಷಾರಾಗಿ ಮಾತಾಡುತ್ತಾಳೆ. ಇಪ್ಪತ್ತು ವರ್ಷ ಗುಟ್ಟು ಕಾದವಳಿಗೆ ಅದನ್ನು ಕೆಳಗಿಳಿಸಿಡಲು ಹೊತ್ತು ಬೇಕು.

ಒಂದು ಬೆಳಿಗ್ಗೆ ಮೂಗಣ್ಣ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಅಡಿಗೆಮನೆಯಿಂದ ಹೆಂಡತಿಯ ಕೂಗು ಕೇಳಿತು.

"ರೀ, ಬನ್ನಿ ಇಲ್ಲಿ. ಈ ಹಾಲು ಕೆಟ್ಟಿದೆಯಾ ನೋಡಿ ಸ್ವಲ್ಪ."

ಅವನ ಕೈ ಅಲ್ಲೇ ನಿಂತಿತು. ಇಂಥ ಮಾತನ್ನು ಅವಳ ಬಾಯಿಂದ ಅವನು ಕೇಳುತ್ತಿದ್ದದ್ದು ಇದೇ ಮೊದಲು. ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡೇ ಓಡಿಹೋಗಿ ಪಾತ್ರೆಗೆ ಮೂಗು ಹಿಡಿದ.

"ಕೆಟ್ಟಿದೆ" ಎಂದ. ಅವಳು ಪಾತ್ರೆ ಬಗ್ಗಿಸಿ ಚೆಲ್ಲಿದಳು.